ಕನ್ಸೋಲ್ ನೋಡುವ ಕಣ್ಣು

ಆರ್ಟೆಮಿಸ್ ಎಂಬ ಕಂಪ್ಯೂಟರ್ ಆಟ ಬಂದದ್ದು 2010ರಲ್ಲಿ. ಐದಾರು ಮಂದಿ ಒಂದೇ ಕೋಣೆಯಲ್ಲಿ ಕೂತು ಒಂದು ಆಕಾಶನೌಕೆ ನಡೆಸಬೇಕು. ಚುಕ್ಕಾಣಿ, ಆಯುಧ, ಎಂಜಿನ್, ವಿಜ್ಞಾನ, ಸಂಪರ್ಕ ಹೀಗೆ ಒಂದೊಂದಕ್ಕೂ ಬೇರೆ ಪರದೆ. ಕ್ಯಾಪ್ಟನ್ನನ ಕೈಗೆ ಮಾತ್ರ ಏನೂ ಇಲ್ಲ. ಕೇಳಬೇಕು, ಹೇಳಬೇಕು, ಅಷ್ಟೇ. ಹವ್ಯಾಸಿಗಳು ಇಂಥ ಆಟಕ್ಕೆಂದೇ ಗುಂಡಿ, ಸ್ವಿಚ್ಚು, ದೀಪ ಜೋಡಿಸಿ ಕನ್ಸೋಲ್ ಕಟ್ಟುತ್ತಾರೆ. ಹೊಸದಾಗಿ ನೋಡುವವರು ಮೊದಲು ದೀಪಗಳಿಗೆ ಮರುಳಾಗುತ್ತಾರೆ. ಎಷ್ಟು ದೀಪ ಎನ್ನುವುದು ಬಿಡಿ, ಯಾವ ದೀಪ ನಿಜ ಹೇಳುತ್ತದೆ ನೋಡಿ.

ಇದಕ್ಕೆ ಕಣ್ಣು ಪಳಗಬೇಕಾದರೆ ರೈಲ್ವೆ ಸ್ಟೇಷನ್ ಮಾಸ್ತರರ ಪ್ಯಾನೆಲ್ ತಿಳಿದುಕೊಳ್ಳಿ. ಬೆಳಗಾವಿ ಬಿಟ್ಟ ಗಾಡಿ ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ ದಾಟಿ ಲೋಂಡಾ ಸೇರುವಷ್ಟರಲ್ಲಿ ಪ್ರತಿ ಸಿಗ್ನಲ್ಲಿನ ಹಿಂದೆ ಇಂಥದೊಂದು ಯಂತ್ರದ ಒಪ್ಪಿಗೆ ಇರುತ್ತದೆ. ಪ್ಯಾನೆಲ್ ಇರುವ ಕೋಣೆಯೊಳಗೆ ನಮ್ಮನ್ನು ಬಿಡುವುದಿಲ್ಲ, ಬಿಡಲೂಬಾರದು. ಈಗ ಹಲವೆಡೆ ಪ್ಯಾನೆಲ್ಲಿನ ಜಾಗಕ್ಕೆ ಕಂಪ್ಯೂಟರ್ ಪರದೆ ಬಂದಿದೆ. ಒಳಗಿನ ಕಟ್ಟಳೆ ಅದೇ.

ಹಳೆ ನಮೂನೆಯ ಪ್ಯಾನೆಲ್ ಅಂದರೆ ಚಿಕ್ಕ ಚೌಕ ಬಿಲ್ಲೆಗಳನ್ನು ಜೋಡಿಸಿ ಮಾಡಿದ ನಿಲ್ದಾಣದ ನಕ್ಷೆ. ಗಾಡಿಯನ್ನು ಒಳಗೆ ತೆಗೆದುಕೊಳ್ಳಲು ಸಿಗ್ನಲ್ಲಿನ ಗುಂಡಿ, ಅದು ಬಂದು ನಿಲ್ಲುವ ಹಳಿಯ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಬೇಕು. ಎಲ್ಲಿಂದ, ಎಲ್ಲಿಗೆ ಎಂದು ಎರಡೂ ಕೈ ಸಾಕ್ಷಿ ಹೇಳಿದ ಹಾಗೆ. ಮೊಣಕೈ ತಗುಲಿ ಒಂದು ಗುಂಡಿ ಅದುಮಿದರೆ ಏನೂ ಆಗದು. ದಾರಿ ಸಿದ್ಧವಾದರೆ ಬಿಳಿ ಗೆರೆ ಬೆಳಗುತ್ತದೆ, ಗಾಡಿ ಏರಿದಷ್ಟೂ ಹಳಿ ಕೆಂಪಾಗುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆ ಪಾಯಿಂಟಿನ ದೀಪ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜಾಗದ ದೀಪ. ಮಾಸ್ತರರು ಆಜ್ಞೆ ಕೊಟ್ಟರೆಂದು ಅದು ಸ್ಥಿರವಾಗಿ ಉರಿಯುವುದಿಲ್ಲ. ಹೊರಗೆ ಹಳಿ ನಿಜಕ್ಕೂ ಸರಿದು ಕೂತಿತೆಂದು ಅಲ್ಲಿಂದ ಸುದ್ದಿ ಬರಬೇಕು. ಅಲ್ಲಿಯವರೆಗೆ ಮಿಣುಕುತ್ತಲೇ ಇರುತ್ತದೆ. ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿದ್ದರೂ ಗಾಡಿಗೆ ಸಿಗ್ನಲ್ ಸಿಗದು. ಈ ವಿವೇಕ ಎಲ್ಲ ಕಡೆ ಇರಲಿಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿದಿತ್ತು. ಕನ್ಸೋಲಿನ ದೀಪ ಮಾತ್ರ ಆರಿತ್ತು. ಮುಚ್ಚುವ ಆಜ್ಞೆ ಹೋಗಿದೆ ಎಂದಷ್ಟೇ ಅದಕ್ಕೆ ಗೊತ್ತು, ವಾಲ್ವ್ ಮುಚ್ಚಿತೋ ಇಲ್ಲವೋ ಗೊತ್ತಿಲ್ಲ. ಸಿಬ್ಬಂದಿ ಅದನ್ನೇ ನಂಬಿದರು. ಸ್ಥಾವರದ ಒಡಲು ಭಾಗಶಃ ಕರಗಿತು.

ಇನ್ನು ತುರ್ತು ಗುಂಡಿ. ಆಟದ ಕನ್ಸೋಲ್‌ಗಳಲ್ಲಿ ಅದು ಕೆಂಪಗೆ, ದಪ್ಪಗೆ, ಒತ್ತಿದ ಕೂಡಲೇ ಕೆಲಸ ಮಾಡುವಂಥದ್ದು. ರೈಲ್ವೆಯವರ ರೀತಿ ಬೇರೆ. ಗಾಡಿಗೆ ಕೊಟ್ಟ ದಾರಿಯನ್ನು ತುರ್ತಾಗಿ ರದ್ದು ಮಾಡಿದರೆ ಸಿಗ್ನಲ್ ತಕ್ಷಣ ಕೆಂಪಾಗುತ್ತದೆ. ದಾರಿಯ ಬಿಗಿ ಬಿಡಲು 120 ಸೆಕೆಂಡ್ ಕಾಯಬೇಕು. ಚಾಲಕ ಆಗಲೇ ಸಿಗ್ನಲ್ ನಂಬಿ ಬರುತ್ತಿದ್ದರೆ ಗಾಡಿ ನಿಲ್ಲಿಸಲು ಸಮಯ ಬೇಕಲ್ಲ. ಪ್ರತಿ ಸಲ ಹೀಗೆ ರದ್ದು ಮಾಡಿದಾಗ ಗುಂಡಿಯ ಪಕ್ಕದ ಕೌಂಟರ್ ಒಂದಂಕಿ ಮುಂದೆ ಹೋಗುತ್ತದೆ. ಅದನ್ನು ಹಿಂದಕ್ಕೆ ತಿರುಗಿಸುವ ಹಾಗಿಲ್ಲ, ಕಾರಣ ರಿಜಿಸ್ಟರಿನಲ್ಲಿ ಬರೆಯಲೇಬೇಕು. ಬೆಳಗಾವಿಯ ಯಾರಾದರೂ ಹುಡುಗರ ಆಕಾಶನೌಕೆಯಲ್ಲಿ ಹೀಗೆ ಕಾಯಿಸಿ, ಲೆಕ್ಕ ಕೇಳುವ ಗುಂಡಿ ಕಂಡರೆ ವಿಚಾರಿಸಿ ನೋಡಿ, ಅವರ ಮನೆಯಲ್ಲಿ ಯಾರೋ ರೈಲ್ವೆಯವರು ಇರಬೇಕು.