ಕರ್ಣನ ಜೋಳವಾಳಿಯೂ ತಾಯಿಗಿತ್ತ ಮಾತೂ

ಕನ್ನಡದ ಹಳೆಯ ಕಾವ್ಯಗಳನ್ನೂ ಶಾಸನಗಳನ್ನೂ ಓದುವವರಿಗೆ ‘ಜೋಳವಾಳಿ’ ಎಂಬ ಮಾತು ಹೊಸದಲ್ಲ. ಒಡೆಯನ ಜೋಳವನ್ನುಂಡವನು ಆ ಋಣವನ್ನು ರಣರಂಗದಲ್ಲಿ ತನ್ನ ಒಡಲಿನಿಂದ ತೀರಿಸಬೇಕೆಂಬ ಕಟ್ಟಳೆಗೆ ನಮ್ಮ ಪೂರ್ವಿಕರು ಇಟ್ಟ ಹೆಸರಿದು. ಈ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರ ಕಣ್ಮುಂದೆ ನಿಲ್ಲುವ ಮೂರ್ತಿ ಪಂಪಭಾರತದ ಕರ್ಣನದು. ಅವನನ್ನು ಜೋಳವಾಳಿಯ ಅವತಾರವೆಂದು ಹೊಗಳುವುದು ವಾಡಿಕೆಯಾಗಿದೆ. ಹೊಗಳಿಕೆ ಅಯುಕ್ತವೇನೂ ಅಲ್ಲ. ಆದರೆ ವಾಡಿಕೆಯ ಹೊಗಳಿಕೆಗೆ ಒಂದು ದೋಷವುಂಟು. ಅದು ವಿಚಾರವನ್ನು ಮಲಗಿಸಿಬಿಡುತ್ತದೆ. ಕರ್ಣನು ದುರ್ಯೋಧನನಿಗೆ ಸಲ್ಲಿಸಿದುದು ಪೂರ್ಣವಾದ ಜೋಳವಾಳಿಯೆ? ದಂಡಿನಲ್ಲಿ ನಿಂತವನಿಗೆ ದಂಡಿಗೆಲ್ಲ ಸಾಧಾರಣವಾದ ಧರ್ಮವೊಂದು, ಅವನವನ ಅಂತರಂಗದ ಧರ್ಮವೊಂದು. ಈ ಎರಡೂ ಎದುರಾದಾಗ ಅವನು ಮಾಡತಕ್ಕುದೇನು? ಪಂಪನ ಕಾವ್ಯವನ್ನು ಈ ದೃಷ್ಟಿಯಿಂದ ಓದಿದರೆ, ಕರ್ಣನ ಘನತೆಯೊಡನೆ ಅವನ ಕೊರತೆಯೂ ಗೋಚರವಾಗುತ್ತದೆ; ಆ ಕೊರತೆಯಿಂದಲೇ ಅವನ ಕಥೆ ಮನುಷ್ಯರ ಕಥೆಯಾಗಿದೆ.

ಮೊದಲು ಆ ಸಾಧಾರಣಧರ್ಮದ ಸ್ವರೂಪವನ್ನು ತಿಳಿಯಬೇಕು. ಪಂಪನು ಬದುಕಿದ್ದ ಹತ್ತನೆಯ ಶತಮಾನದಲ್ಲಿ ಇದು ಪುಸ್ತಕದ ಮಾತಾಗಿರಲಿಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಅದರಲ್ಲಿ ಗಂಗರ ಬೂತುಗನ ಆಳಾಗಿ ಕಾದಿದ ಮಣಲೇರನೆಂಬ ವೀರನ ಸಂಗತಿ 949–50ರ ಆತಕೂರಿನ ಶಾಸನದಲ್ಲಿದೆ. ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ ಮಣಲೇರನು ಬೇಡಿದುದು ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ ತಾನೂ ಸತ್ತಿತು, ಅದನ್ನೂ ಕೊಂದಿತು; ಅದರ ನೆನಪಿಗಾಗಿಯೇ ಆ ಕಲ್ಲು ನಿಂತಿತು. ಅದೇ ಶಾಸನದಲ್ಲಿ ಬೂತುಗನು ಮಣಲೇರನಿಗೆ ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದುದಕ್ಕೆ ಸಲ್ಲುವ ಉಂಬಳಿಯಾಗಿ, ನೆಲವನ್ನು ಕೊಟ್ಟ ಮಾತೂ ಇದೆ. ಇಲ್ಲಿ ಲಕ್ಷ್ಯವಿಡಬೇಕಾದ ಅಂಶವೆಂದರೆ, ಜೋಳವಾಳಿ ಏಕಮುಖವಾದುದಲ್ಲ. ಆಳು ಪ್ರಾಣವನ್ನು ಒಪ್ಪಿಸುವನು. ಒಡೆಯನು ಮೆಚ್ಚುವನು, ಕೊಡುವನು, ನೆನೆಯುವನು. ಇಬ್ಬರ ನಡುವೆ ಮರೆಮಾಚಿದುದು ಏನೂ ಇರುವುದಿಲ್ಲ. ಒಪ್ಪಂದವೆಲ್ಲ ಊರ ಮುಂದೆ ಕಲ್ಲಿನ ಮೇಲೆ ಬರೆದಿರುವುದು.

ಇದಕ್ಕಿಂತ ಉಗ್ರವಾದುದು ‘ವೇಳೆವಾಳಿ’. ಒಡೆಯನು ಅಳಿದ ವೇಳೆಯಲ್ಲಿ ತಾನೂ ಅಳಿಯುವೆನೆಂಬ ಭಾಷೆ ಅದು. ಹೊಯ್ಸಳ ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮನು ಮಡದಿ ಸುಗ್ಗಲದೇವಿಯೊಡನೆಯೂ ಸಾವಿರ ಮಂದಿ ಸಂಗಡಿಗರೊಡನೆಯೂ ಪ್ರಾಣವನ್ನು ಒಪ್ಪಿಸಿದನೆಂದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಕಂಬದ ಶಾಸನ ಸಾರುತ್ತದೆ. ಇಂದಿನ ಬುದ್ಧಿಗೆ ಇದು ಭಯಂಕರವಾಗಿ ಕಾಣಬಹುದು; ಕಾಣುವುದೂ ನ್ಯಾಯವೇ. ಆದರೂ ಒಂದು ವಿಷಯ ಸ್ಪಷ್ಟ: ಲಕ್ಷ್ಮನು ನುಡಿದುದೊಂದು, ಒಳಗೆ ಇಟ್ಟುಕೊಂಡುದೊಂದು ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ಇಂತಹ ಲೋಕದಲ್ಲಿ ಬದುಕಿದ ಪಂಪನು, ತಾನೂ ಕತ್ತಿ ಹಿಡಿದ ಕಲಿಯಾದುದರಿಂದ, ವ್ಯಾಸರಿಂದ ಪಡೆದ ಕರ್ಣನಿಗೆ ಕನ್ನಡ ನಾಡಿನ ಉಸಿರನ್ನು ತುಂಬಿದನು. ಸಂಧಿ ಮುರಿದ ಮೇಲೆ ಕೃಷ್ಣನು ಕರ್ಣನನ್ನು ಬೇರೆಯಾಗಿ ಕಂಡು, ಅವನ ಹುಟ್ಟಿನ ಗುಟ್ಟನ್ನು ಹೊರಗೆಡಹುವ ಪ್ರಸಂಗವನ್ನು ನೋಡಬೇಕು. ಹಿರಿಯ ಕೌಂತೇಯನಾಗಿ ರಾಜ್ಯವನ್ನೇ ಆಳಬಹುದೆಂಬ ಆಸೆ ಎದುರಿಗಿದೆ. ಕರ್ಣನ ನೆನಪು ಹೋಗುವುದು ಎಲ್ಲಿಗೆ? ರಾಜ್ಯದಾನದ ಕಡೆಗೂ ಅಲ್ಲ, ಅಂಗದೇಶದ ಪಟ್ಟದ ಕಡೆಗೂ ಅಲ್ಲ. ಭಾನುಮತಿಯೊಡನೆ ನೆತ್ತವಾಡಿದಾಗ ಹರಿದು ಚೆಲ್ಲಿದ ಮುತ್ತಿನ ಹಾರದ ಕಡೆಗೆ. ಸಂಶಯಪಡಬಹುದಾದ ಗಳಿಗೆಯಲ್ಲಿ ಸಂಶಯಪಡದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದ ಅರಸನನ್ನು ಬಿಟ್ಟು ಹೋದರೆ ತಾನು ನೀಚನಾಗುವೆನೆಂಬುದು ಅವನ ಉತ್ತರದ ಸಾರ. ಪಂಪನ ಪ್ರತಿಭೆಯ ಸೂಕ್ಷ್ಮತೆ ಇಲ್ಲಿದೆ. ಜೋಳದ ಋಣವನ್ನು ಅವನು ವಿಶ್ವಾಸದ ಋಣವನ್ನಾಗಿ ಮಾಡಿದನು. ಕೂಲಿಯಾಳು ಉಂಡ ಅನ್ನಕ್ಕೆ ಕಾದುತ್ತಾನೆ; ಕರ್ಣನು ತನ್ನನ್ನು ನಂಬಿದ ಒಂದು ನಗುಮುಖಕ್ಕಾಗಿ ಕಾದುತ್ತಾನೆ.

ಕರ್ಣನು ಅಧರ್ಮದ ಪಕ್ಷದಲ್ಲಿ ನಿಂತನಲ್ಲವೆ ಎಂದು ಆಕ್ಷೇಪಿಸುವವರುಂಟು. ಆಕ್ಷೇಪ ಸರಿಯೇ. ದ್ರೌಪದಿಯ ಮಾನಭಂಗ ನಡೆದ ಸಭೆಯನ್ನು ಜೋಳವಾಳಿಯ ಹೆಸರಿನಿಂದ ತೊಳೆಯಲಾಗದು. ಸೇವಕನ ನಿಷ್ಠೆ ಎಷ್ಟೇ ನಿರ್ಮಲವಾಗಿದ್ದರೂ ಅದರಿಂದ ಒಡೆಯನ ಕಾರ್ಯ ನಿರ್ಮಲವಾಗುವುದಿಲ್ಲ. ಪಂಪನೂ ಹಾಗೆ ಹೇಳಿಲ್ಲ. ಕರ್ಣನನ್ನು ಮೆಚ್ಚಿದ ಮಾತ್ರಕ್ಕೆ ಅವನು ಕೌರವರ ಪಕ್ಷವನ್ನು ನ್ಯಾಯವೆಂದು ಬರೆಯಲಿಲ್ಲ. ಆದರೆ ಇಲ್ಲಿಯ ಪ್ರಶ್ನೆ ಅದಕ್ಕಿಂತ ಒಳಗಿನದು. ಆ ಪಕ್ಷದಲ್ಲಿ ನಿಲ್ಲುವೆನೆಂದು ನಿಶ್ಚಯಿಸಿದವನು ಹೇಗೆ ನಿಂತನು?

ಗಂಗಾತೀರದಲ್ಲಿ ಕುಂತಿ ಬಂದು ಬೇಡಿದಾಗ ಕರ್ಣನು ಪಾಂಡವರ ಕಡೆಗೆ ಬರಲು ಒಪ್ಪಲಿಲ್ಲ. ಆದರೆ ಅರ್ಜುನನನ್ನುಳಿದು ಮಿಕ್ಕ ನಾಲ್ವರು ಕೈಗೆ ಸಿಕ್ಕರೂ ಕೊಲ್ಲುವುದಿಲ್ಲವೆಂದು ಮಾತುಕೊಟ್ಟನು. ವ್ಯಾಸಭಾರತದಲ್ಲಿಯೂ ಪಂಪಭಾರತದಲ್ಲಿಯೂ ಈ ಮಾತುಂಟು. ಸಾಧಾರಣವಾಗಿ ಇದನ್ನು ದಾನಶೂರನ ಕಡೆಯ ದಾನವೆಂದು ಕೊಂಡಾಡುವರು. ತನ್ನನ್ನು ಹೊಳೆಯಲ್ಲಿ ತೇಲಿಬಿಟ್ಟ ತಾಯಿಗೆ ನಾಲ್ವರು ಮಕ್ಕಳ ಪ್ರಾಣವನ್ನು ಧಾರೆಯೆರೆದವನ ಹೃದಯ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಾನಕ್ಕೆ ಒಂದು ನಿಯಮವಿದೆ: ಕೊಡುವ ವಸ್ತು ಕೊಡುವವನದಾಗಿರಬೇಕು. ಕರ್ಣನ ಪ್ರಾಣ ಕರ್ಣನದು. ಅದನ್ನು ಅವನು ಯಾರಿಗೆ ಬೇಕಾದರೂ ಕೊಡಬಹುದಾಗಿತ್ತು. ಅವನ ಬಿಲ್ಲು ಮಾತ್ರ ಆ ಹೊತ್ತಿಗೆ ಅವನೊಬ್ಬನದಾಗಿರಲಿಲ್ಲ. ಆ ಬಿಲ್ಲನ್ನು ನಂಬಿ ಸಾವಿರಾರು ಮಂದಿ ಎದೆಯೊಡ್ಡಿ ನಿಂತಿದ್ದರು.

ಈ ಮಾತಿನ ಫಲ ವ್ಯಾಸರ ಕಥೆಯಲ್ಲಿ ಕಣ್ಣಿಗೆ ಕಟ್ಟುವಂತಿದೆ. ದ್ರೋಣಪರ್ವದಲ್ಲಿ ಭೀಮನು ಕೈಸೋತು ನಿಂತಾಗ ಕರ್ಣನು ಅವನನ್ನು ಬಿಲ್ಲಿನ ತುದಿಯಿಂದ ತಿವಿದು, ಜರೆದು, ಬಿಟ್ಟನು. ಕರ್ಣಪರ್ವದಲ್ಲಿ ಯುಧಿಷ್ಠಿರನೇ ಕೈಗೆ ಸಿಕ್ಕಿದಾಗ ಕುಂತಿಯ ಮಾತನ್ನು ನೆನೆದು ಬಿಟ್ಟನು. ಯುಧಿಷ್ಠಿರನನ್ನು ಸೆರೆಹಿಡಿಯಬೇಕೆಂಬುದೇ ದ್ರೋಣನ ಸೇನಾಪತ್ಯದಲ್ಲಿ ದುರ್ಯೋಧನನು ಬೇಡಿದ್ದ ವರ. ಅದು ಕೈಗೂಡಿದ್ದರೆ ಯುದ್ಧ ಅಂದೇ ಮುಗಿಯುತ್ತಿತ್ತು. ಆ ವರ ತಾನಾಗಿ ಎದುರಿಗೆ ಬಂದು ನಿಂತಾಗ ಕೌರವಸೇನೆಯ ದಂಡನಾಯಕನು ಕರ್ಣನೇ ಆಗಿದ್ದನು. ಅದನ್ನು ಕೈಬಿಟ್ಟವನೂ ಅವನೇ. ಆ ದಿನ ಸಂಜೆಯೊಳಗೆ ಕೌರವರ ಪಕ್ಷದಲ್ಲಿ ಬಿದ್ದ ಕಾಲಾಳುಗಳ ತಾಯಂದಿರಿಗೆ ಯಾರು ಯಾವ ಮಾತನ್ನು ಕೊಟ್ಟಿದ್ದರು?

ಇದೇ ಇಕ್ಕಟ್ಟು ಭೀಷ್ಮನಿಗೂ ಇದ್ದಿತು. ಪಾಂಡವರು ಅವನಿಗೂ ಮೊಮ್ಮಕ್ಕಳು. ಆದರೆ ಉದ್ಯೋಗಪರ್ವದಲ್ಲಿ ಸೇನಾಪತ್ಯವನ್ನು ವಹಿಸುವಾಗಲೇ ಅವನು ದುರ್ಯೋಧನನಿಗೆ ಮುಚ್ಚುಮರೆಯಿಲ್ಲದೆ ಹೇಳಿದನು: ಪಾಂಡುಪುತ್ರರನ್ನು ತಾನು ಕೊಲ್ಲತಕ್ಕವನಲ್ಲ, ದಿನಕ್ಕೆ ಹತ್ತು ಸಾವಿರ ಯೋಧರನ್ನು ಕೊಲ್ಲುವನು. ಶಿಖಂಡಿಯ ಮೇಲೆ ಬಾಣವೆತ್ತುವುದಿಲ್ಲವೆಂಬುದನ್ನೂ ಮೊದಲೇ ತಿಳಿಸಿದನು. ಒಪ್ಪುವುದೂ ಬಿಡುವುದೂ ಅರಸನ ಇಚ್ಛೆ. ದುರ್ಯೋಧನನು ತಿಳಿದೇ ಒಪ್ಪಿದನು. ಭೀಷ್ಮನ ಅಂತರಂಗಧರ್ಮವೂ ಉಳಿಯಿತು, ದಂಡಿನ ಸಾಧಾರಣಧರ್ಮವೂ ಕೆಡಲಿಲ್ಲ. ಕರ್ಣನಾದರೋ ತನ್ನ ಮಾತನ್ನು ದುರ್ಯೋಧನನಿಗೆ ತಿಳಿಸಿದ ಪ್ರಸಂಗ ಎಲ್ಲಿಯೂ ಕಾಣದು. ಮುದುಕನೆಂದು ಭೀಷ್ಮನನ್ನು ತುಂಬಿದ ಸಭೆಯಲ್ಲಿ ಜರೆದ ಕರ್ಣನು, ಆ ಮುದುಕನಿಂದ ಕಲಿಯಬೇಕಾಗಿದ್ದ ಒಂದು ಪಾಠವನ್ನು ಕಲಿಯದೆ ಹೋದನು.

ಕರ್ಣನ ಪಕ್ಷವಾಗಿ ಹೇಳಬೇಕಾದುದೂ ಒಂದುಂಟು. ಅದನ್ನು ಪಂಪನೇ ಒದಗಿಸಿದ್ದಾನೆ. ಕೃಷ್ಣನು ಕರ್ಣನಿಗೆ ಹೇಳುವ ಮಾತಿನಲ್ಲಿ, ದುರ್ಯೋಧನನು ಸತ್ಯಂತಪನೆಂಬ ಋಷಿಯಿಂದ ಕರ್ಣನ ಹುಟ್ಟನ್ನು ಎಂದೋ ತಿಳಿದಿದ್ದನೆಂಬ ಸಂಗತಿ ಬರುತ್ತದೆ. ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಹಾಗೆ, ಪಾಂಡವರನ್ನು ಅವರ ಅಣ್ಣನಿಂದಲೇ ಅಳಿಸಬೇಕೆಂದು ಅವನು ಕರ್ಣನನ್ನು ಸಾಕಿದನಂತೆ. ಹೇಳುವವನು ರಾಯಭಾರದಲ್ಲಿ ಚತುರನಾದ ಕೃಷ್ಣನಾದುದರಿಂದ ಇದನ್ನು ಭೇದೋಪಾಯವೆಂದು ತಳ್ಳಿಹಾಕಬಹುದು. ಆದರೆ ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನನು ಗದಾಯುದ್ಧವನ್ನು ಬರೆದಾಗ, ಕರ್ಣನ ಹೆಣದ ಮುಂದೆ ನಿಂತ ದುರ್ಯೋಧನನ ಬಾಯಿಂದಲೇ, ಅವನ ಹುಟ್ಟನ್ನು ಬಲ್ಲ ಕೆಲವರಲ್ಲಿ ತಾನೂ ಒಬ್ಬನೆಂದು ಆಡಿಸಿದನು. ಹಾಗಾದರೆ ಸ್ಥಿತಿ ಹೀಗಾಯಿತು: ಒಡೆಯನು ಆಳಿನಿಂದ ಒಂದನ್ನು ಬಚ್ಚಿಟ್ಟನು, ಆಳು ಒಡೆಯನಿಂದ ಒಂದನ್ನು ಬಚ್ಚಿಟ್ಟನು. ಇಬ್ಬರ ಪ್ರೀತಿಯೂ ನಿಜವಾದುದೇ. ಆದರೂ ನಡುವೆ ಎರಡು ಗುಟ್ಟುಗಳು ಕುಳಿತಿದ್ದವು. ಕೌರವಸೇನೆ ಅರ್ಜುನನ ಬಾಣಗಳಿಂದ ಎಷ್ಟು ಅಳಿಯಿತೋ ಈ ಎರಡು ಮೌನಗಳಿಂದಲೂ ಅಷ್ಟೇ ಅಳಿಯಿತೆಂದರೆ ಅತ್ಯುಕ್ತಿಯಾಗದು.

ಪಂಪನು ಗ್ರಂಥದ ಕೊನೆಯಲ್ಲಿ ಭಾರತದ ವೀರರಿಗೆ ಒಂದೊಂದು ಗುಣವನ್ನು ಹಂಚಿಕೊಡುವಾಗ ಕರ್ಣನ ಪಾಲಿಗೆ ಕೊಟ್ಟುದು ನನ್ನಿಯನ್ನು, ಎಂದರೆ ಸತ್ಯವನ್ನು. ಕೊಟ್ಟ ಮಾತಿಗೆ ತಪ್ಪದಿರುವುದೇ ಸತ್ಯವಾದರೆ ಆ ಪ್ರಶಸ್ತಿ ಕರ್ಣನಿಗೆ ಸಲ್ಲತಕ್ಕುದೇ. ಆದರೆ ಸತ್ಯಕ್ಕೆ ಎರಡು ಕೈಗಳುಂಟು. ಆಡಿದುದನ್ನು ನಡೆಸುವುದು ಒಂದು. ನಡೆಸತಕ್ಕುದನ್ನು ತಿಳಿಯಬೇಕಾದವರಿಗೆ ಮೊದಲೇ ಆಡುವುದು ಇನ್ನೊಂದು. ಕರ್ಣನು ಮೊದಲನೆಯದರಲ್ಲಿ ಅಸಮಾನನು, ಎರಡನೆಯದರಲ್ಲಿ ಅರೆಬರೆ. ತಾಯಿಗೆ ಮಾತುಕೊಡುವಾಗಲೇ, ಕೀರ್ತಿಯನ್ನು ಹಿಡಿದು ರಣದಲ್ಲಿ ತನ್ನನ್ನೇ ಅಳಿಸಿಕೊಳ್ಳುವೆನೆಂಬ ನಿಶ್ಚಯವನ್ನು ಅವನು ತಾಳುತ್ತಾನೆ. ತನ್ನ ಪ್ರಾಣವನ್ನೇ ತೆತ್ತರೆ ಎರಡು ಋಣಗಳೂ ಒಟ್ಟಿಗೆ ತೀರುವುವೆಂದು ಅವನು ಬಗೆದಂತಿದೆ. ಆ ಲೆಕ್ಕದಲ್ಲಿ ಬಿಟ್ಟುಹೋದುದು ಅವನ ಹಿಂದೆ ನಿಂತವರ ಪ್ರಾಣ.

ಈ ಪ್ರಶ್ನೆ ಕಾವ್ಯದ ಹಾಳೆಗಳಲ್ಲಿಯೇ ಮುಗಿಯತಕ್ಕುದಲ್ಲ. ಕತ್ತಿಯ ಬದಲು ಬಂದೂಕ ಬಂದರೂ ಇಕ್ಕಟ್ಟು ಅದೇ. 1930ರ ಏಪ್ರಿಲ್ 23ರಂದು ಪೇಶಾವರದ ಬೀದಿಯಲ್ಲಿ ನಿರಾಯುಧರಾದ ಜನರ ಮೇಲೆ ಗುಂಡು ಹಾರಿಸೆಂದು ಅಪ್ಪಣೆಯಾದಾಗ, ಗಢವಾಲ ದಳದ ಚಂದ್ರಸಿಂಹನೂ ಅವನ ಸಂಗಡಿಗರೂ ಹಾರಿಸಲು ಒಪ್ಪಲಿಲ್ಲ. ಹಾರಿಸಿದಂತೆ ನಟಿಸಿ ಗುರಿ ತಪ್ಪಿಸಬಹುದಾಗಿತ್ತು. ಅದರಿಂದ ಕೆಲಸವೂ ಉಳಿಯುತ್ತಿತ್ತು, ಮನಸ್ಸಿಗೂ ಸಮಾಧಾನವಾಗುತ್ತಿತ್ತು. ಅವರು ಹಾಗೆ ಮಾಡದೆ ಎದುರಿಗೆ ನಿಂತು ಒಲ್ಲೆವೆಂದರು. ಸೈನ್ಯದ ನ್ಯಾಯಸ್ಥಾನ ಚಂದ್ರಸಿಂಹನಿಗೆ ಆಜೀವ ಕಾರಾವಾಸವನ್ನು ವಿಧಿಸಿತು. ಬೆಲೆಯನ್ನು ಅವರೇ ತೆತ್ತರು. ತಾವು ತೆರುವುದೇನೆಂದು ಬಲ್ಲವರಾಗಿಯೂ ಎಲ್ಲರಿಗೂ ಕಾಣುವಂತೆಯೂ ತೆತ್ತರು. ಅಂದು ಅವರು ಉಂಡುದು ಪರರಾಜರ ಜೋಳ. ಇಂದು ಭಾರತದ ಸೈನಿಕನು ಪ್ರಮಾಣ ಮಾಡುವುದು ಒಬ್ಬ ಅರಸನ ಹೆಸರಿನಲ್ಲಿ ಅಲ್ಲ. ರಾಷ್ಟ್ರದ ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು. ಜೋಳ ನಾಡಿನದು, ಒಡೆತನ ಧರ್ಮಶಾಸನದ್ದು. ಆದುದರಿಂದ ಜೋಳವಾಳಿಗೆ ಈಗ ಮೊದಲಿಗಿಂತ ಶುದ್ಧವಾದ ನೆಲೆ ದೊರಕಿದೆ. ಆದರೂ ಮನೆಯ ದೇವರು, ತಾಯಿಯ ಮಾತು, ಮನಸ್ಸಾಕ್ಷಿ ಇವನ್ನೆಲ್ಲ ಮನೆಯಲ್ಲಿಯೇ ಬಿಟ್ಟು ದಂಡಿಗೆ ಹೋಗುವ ಮನುಷ್ಯನಿಲ್ಲ. ಇದ್ದರೂ ಅವನಿಂದ ದಂಡಿಗೆ ಹಿತವಿಲ್ಲ. ಹೋಗುವವನು ಅವನ್ನು ಕೊಂಡೊಯ್ಯಲಿ. ಆದರೆ ಪಕ್ಕದಲ್ಲಿ ನಿಲ್ಲುವವನಿಗೆ ಕಾಣುವಂತೆ ಕೊಂಡೊಯ್ಯಲಿ. ಮಗನನ್ನು ಸೈನ್ಯಕ್ಕೆ ಕಳುಹಿಸುವ ಮನೆಗಳಲ್ಲಿ ಕರ್ಣನ ಕಥೆಯನ್ನು ಹೇಳುವ ಹಿರಿಯರು ಭೀಷ್ಮನ ಆ ನಾಲ್ಕು ಮಾತುಗಳನ್ನೂ ಕೂಡಿಸಿ ಹೇಳುವುದು ಒಳ್ಳೆಯದು.

ಕಡೆಯದಾಗಿ ಪಂಪನ ವಿಚಾರ. ಅವನೂ ಜೋಳವನ್ನುಂಡವನೇ. ವೇಮುಲವಾಡದ ಅರಿಕೇಸರಿ ಅವನ ಒಡೆಯ. ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟವನು. ಆ ಒಡೆಯನನ್ನು ಅರ್ಜುನನೊಡನೆ ಒಂದುಗೂಡಿಸಿ ಕಾವ್ಯವನ್ನು ಕಟ್ಟುವುದು ಪಂಪನ ಜೋಳವಾಳಿ. ಅದನ್ನು ಅವನು ಸ್ವಲ್ಪವೂ ಲೋಪವಿಲ್ಲದೆ ನಡೆಸಿದನು. ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿದನು, ಕೊನೆಯ ಪಟ್ಟವನ್ನೂ ಅರ್ಜುನನಿಗೇ ಕಟ್ಟಿದನು. ಆದರೆ ಅವನ ಹೃದಯದ ಒಲವು ಅರ್ಜುನನ ಹಗೆಯಾದ ಕರ್ಣನ ಕಡೆಗೆ ಹರಿದಿತ್ತು. ಅದನ್ನು ಅವನು ಬಚ್ಚಿಡಲಿಲ್ಲ. ಕರ್ಣನು ಬಿದ್ದ ಕಡೆಯಲ್ಲಿ ಕಥೆಯನ್ನು ಒಂದು ಗಳಿಗೆ ನಿಲ್ಲಿಸಿ, ಕೇಳುವವರ ನೆನಪನ್ನು ಮಿಕ್ಕ ಎಲ್ಲ ವೀರರಿಂದ ಸೆಳೆದು ಆ ಒಬ್ಬನ ಮೇಲೆ ನಿಲ್ಲಿಸಿದನು. ಇದನ್ನು ಕೇಳಿದ ಮೊದಲಿಗನು ಅರಿಕೇಸರಿಯೇ ಆಗಿದ್ದಿರಬೇಕು. ಒಡೆಯನಿಗೆ ಸಲ್ಲತಕ್ಕುದನ್ನು ಸಲ್ಲಿಸಿ, ತನ್ನ ಮನಸ್ಸಿಗೆ ಸತ್ಯವೆಂದು ತೋರಿದುದನ್ನು ಒಡೆಯನ ಮುಂದೆಯೇ ಹಾಡಿದ ಕವಿ ಅವನು. ಕರ್ಣನಿಗೆ ಅಸಾಧ್ಯವಾದುದು ಕರ್ಣನನ್ನು ಹಾಡಿದವನಿಗೆ ಸಾಧ್ಯವಾಯಿತು.