ಚಂಡೆ ನಿಂತ ಮೇಲೆ

ಯುದ್ಧದ ಪದಕ್ಕೆ ಚಂಡೆ ಬೇಕು. ಭಾಗವತರ ಕಂಠದ ಸತ್ವ ತಿಳಿಯುವುದು ಮಾತ್ರ ಮದ್ದಳೆಯೊಂದೇ ಉಳಿದ ಕರುಣರಸದ ಪದದಲ್ಲಿ. ಹೊಳನಗದ್ದೆಯ ಬಯಲಾಟಗಳಲ್ಲಿ ಕಲಿತ ಈ ಅಳತೆಗೋಲನ್ನೇ ಮಗ ತಂದ ‘ಅಕೌಸ್ಟಿಕಾ’ ಸಿ.ಡಿ.ಗೂ ಹಿಡಿದೆ. ಜರ್ಮನಿಯ ಸ್ಕಾರ್ಪಿಯನ್ಸ್ 1965ರಲ್ಲಿ ಹುಟ್ಟಿದ, ಅಬ್ಬರಕ್ಕೆ ಹೆಸರಾದ ರಾಕ್ ತಂಡ. 2001ರಲ್ಲಿ ಲಿಸ್ಬನ್ನಿನ ಹಳೆಯ ಕ್ರೈಸ್ತ ಮಠವೊಂದರಲ್ಲಿ, ಕೇಳುಗರೆದುರೇ, ಕರೆಂಟಿನ ಗಿಟಾರು ಬದಿಗಿಟ್ಟು ಮೆಲುದನಿಯಲ್ಲಿ ನುಡಿಸಿದ ಹಾಡುಗಳಿವು.

1984ರ ‘ಸ್ಟಿಲ್ ಲವಿಂಗ್ ಯೂ’ ಇಲ್ಲಿ ಹೊಸದಾಗಿದೆ. 52ರ ಕ್ಲಾಸ್ ಮೈನೆ ಬೇಡಿಕೊಳ್ಳುವಾಗ ಹರೆಯದ ಹಟವಿಲ್ಲ, ಬಾಳಿದವನ ನೋವಿದೆ. ಅದೇ ವರ್ಷದ ಬಿರುಗಾಳಿಯ ಹಾಡು ಮಾತ್ರ ಸಪ್ಪೆ, ಚಂಡೆಯಿಲ್ಲದ ಯುದ್ಧದಂತೆ.

‘ಹೆಣ್ಣುಮಕ್ಕಳು ಮೆಲ್ಲಗೆ ಮಾತಾಡಬೇಕು’ ಎಂದು ಕೇಳುತ್ತಲೇ ಬೆಳೆದ ನಾವು ಈ ಎರಡನ್ನೂ ಒಟ್ಟಿಗೆ ಕೇಳಬೇಕು. ಬೇಡಿಕೆಗೆ ಮೆಲುದನಿ ಸಾಕು. ಸಿಟ್ಟಿಗೆ ಅದರದೇ ದನಿ ಬೇಕು.