ಎರೆಹೊಲದ ಎರಡು ಪಟ್ಟಿ

ಚಿತ್ರಕಾರ ಮಾರ್ಕ್ ರಾಥ್ಕೊ, ಛಾಯಾಗ್ರಾಹಕ ಆರನ್ ಸಿಸ್ಕಿಂಡ್ ಇಬ್ಬರೂ ಹುಟ್ಟಿದ್ದು 1903ರಲ್ಲಿ. ಒಬ್ಬ ಕ್ಯಾನ್ವಾಸಿನ ಮೇಲೆ ಬಣ್ಣದ ಒಂದೆರಡು ಪಟ್ಟಿಗಳಲ್ಲೇ ದುಃಖ, ಭಯ ತುಂಬಿದ. ಇನ್ನೊಬ್ಬ ಕ್ಯಾಮೆರಾ ಹಿಡಿದು ಬಣ್ಣ ಕಿತ್ತುಬಂದ ಗೋಡೆಗಳ ಮುಂದೆ ನಿಂತ. ಸಿಸ್ಕಿಂಡ್‌ನ ಗೆಳೆಯ, ಚಿತ್ರಕಾರ ಫ್ರಾಂಜ್ ಕ್ಲೈನ್ 1962ರಲ್ಲಿ ತೀರಿಕೊಂಡ. ಆತನ ದಪ್ಪ ಕಪ್ಪು ಕುಂಚದೇಟುಗಳನ್ನು ನೆನಪಿಸುವ ಗೋಡೆಗಳನ್ನೇ ಹುಡುಕಿ ಸಿಸ್ಕಿಂಡ್ 1970ರ ದಶಕದಲ್ಲಿ ಒಂದು ಚಿತ್ರಮಾಲೆ ಮಾಡಿದ.

ಆ ಕಣ್ಣಿಗೆ ನಮ್ಮ ಕಲಬುರಗಿ ಬರಡಲ್ಲ. ಬಹಮನಿ ಕೋಟೆಗೋಡೆಯ ಮೇಲೆ ಮಳೆನೀರು ಇಳಿದ ಕಪ್ಪು ಗೆರೆ ಕ್ಲೈನ್‌ನದೇ. ಕಮಲಾಪುರದ ದಾರಿಯಲ್ಲಿ ಕೆಳಗೆ ತೊಗರಿ ಕೊಯ್ದ ಎರೆಹೊಲ, ಮೇಲೆ ಬೇಸಿಗೆಯ ಬೆಳ್ಳನೆ ಆಕಾಶ, ಅದು ರಾಥ್ಕೊ. (ಕೆಂಪು ಬಾಳೆಗೆ ಹೆಸರಾದ ಊರು, ಫೋಟೊದವರು ಗೊನೆಯನ್ನಷ್ಟೇ ತೆಗೆದು ಹೊರಡುತ್ತಾರೆ.) ಮರ, ಎತ್ತು, ಕಂಬ ಯಾವುದೂ ಚೌಕಟ್ಟಿನೊಳಗೆ ಬೇಡ. ಎಸ್.ಎಂ. ಪಂಡಿತರ ತುಂಬಿ ತುಳುಕುವ ಪುರಾಣಚಿತ್ರಗಳನ್ನು ಕಂಡ ಊರಿನವರು ಒಮ್ಮೆ ಹೀಗೂ ತೆಗೆದು ನೋಡಿ.